ಫೋಟೋ ಹಲ್ಲು

ಫಾರಂನಲ್ಲಿ ಹತ್ತು ಪ್ರಶ್ನೆಗಳಿದ್ದವು. ಹತ್ತಕ್ಕೂ ಮೆಣಸು ಒಂದೇ ಉತ್ತರಕ್ಕೆ ಗುರುತು ಹಾಕಿದಳು: ಎಂದೂ ಇಲ್ಲ.

ತಣ್ಣನೆಯದು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆಯೇ? ಎಂದೂ ಇಲ್ಲ. ಹಲ್ಲು ಕಾಣುತ್ತದೆಂದು ನಗುವುದನ್ನು ತಡೆದುಕೊಂಡಿದ್ದೀಯಾ? ಎಂದೂ ಇಲ್ಲ. ಬೇರೆ ಮಕ್ಕಳು ನಿನ್ನ ಹಲ್ಲಿನ ಬಗ್ಗೆ ಏನಾದರೂ ಅಂದಿದ್ದಾರೆಯೇ? ಎಂದೂ ಇಲ್ಲ. ಪೆನ್ಸಿಲನ್ನು ಎಷ್ಟು ಒತ್ತಿ ಗೀಚಿದಳೆಂದರೆ ಏಳನೆಯ ಪ್ರಶ್ನೆಗೆ ಬರುವಷ್ಟರಲ್ಲಿ ಮೊನೆ ಮುರಿಯಿತು. ಎದುರಿಗಿದ್ದ ನರ್ಸಮ್ಮನ ಪೆನ್ನು ಇಸಿದುಕೊಂಡು ಉಳಿದವನ್ನೂ ಮುಗಿಸಿ, ಕಾಗದವನ್ನು ಬೋರಲು ಹಾಕಿ, ಕೈಕಟ್ಟಿ ಕುಳಿತಳು.

ಕೋಣೆಯ ಆ ತುದಿಯ ಬೆಂಚಿನಲ್ಲಿ ಅವಳ ಅಮ್ಮ ಕುಳಿತಿದ್ದಳು. “ಮಗು ತಾನೇ ಬರೀಬೇಕು, ನೀವು ಪಕ್ಕದಲ್ಲಿ ಇರಬಾರದು” ಎಂದು ಹಲ್ಲಿನ ಡಾಕ್ಟರಮ್ಮ ಅವಳನ್ನು ಅಲ್ಲಿಗೆ ಕಳಿಸಿದ್ದರು. ಅಷ್ಟು ದೂರದಿಂದ ಏನು ಬರೆದಳೆಂದು ಕಾಣಿಸುತ್ತಿರಲಿಲ್ಲ. ಆದರೆ ಪೆನ್ಸಿಲಿನ ಮೊನೆ ಮುರಿದದ್ದು ಕೇಳಿಸಿತು. ಆಗಲೇ ಅಮ್ಮನಿಗೆ ಅನುಮಾನ ಬಂತು.

ಮೆಣಸು ಅವಳ ನಿಜವಾದ ಹೆಸರಲ್ಲ. ಹುಟ್ಟಿದಾಗ ಅಂಗೈಯಷ್ಟಿದ್ದಳು, ಅತ್ತರೆ ಮೂರು ಮನೆಗೆ ಕೇಳಿಸುತ್ತಿತ್ತು. “ಕಾಳು ಎಷ್ಟು ಸಣ್ಣದು, ಖಾರ ನೋಡು!” ಎಂದು ಅಜ್ಜಿ ಹಾಗೆ ಕರೆದಳು, ಅದೇ ನಿಂತಿತು. ಈಗ ಹನ್ನೊಂದು ವರ್ಷ. ಕಾಳು ಉದ್ದವಾಗಿದೆ, ಖಾರ ಇಳಿದಿಲ್ಲ.

ಹಾಲುಹಲ್ಲು ಬಿದ್ದ ಮೇಲೆ, ಮೇಲಿನ ಸಾಲಿನ ನಟ್ಟನಡುವಿನ ಎರಡು ಹಲ್ಲುಗಳು ಬಣ್ಣಗೆಟ್ಟೇ ಹುಟ್ಟಿದ್ದವು. ಒಂದರ ಮೇಲೆ ಸೀಮೆಸುಣ್ಣ ಒರೆಸಿದಂಥ ಬಿಳಿ ಮಚ್ಚೆ. ಇನ್ನೊಂದರ ಮೇಲೆ ಚಹಾ ಚೆಲ್ಲಿ ಒಣಗಿದಂಥ ಕಂದು ಕಲೆ. ನೋಡಿದವರೆಲ್ಲ ಒಂದೇ ಮಾತು: “ಸರಿಯಾಗಿ ಉಜ್ಜಲ್ವಾ?” ಅಮ್ಮನೂ ಅದನ್ನೇ ನಂಬಿದ್ದಳು. ಎರಡು ವರ್ಷ ಉಪ್ಪು ಹಾಕಿ, ಅಡಿಗೆ ಸೋಡಾ ಹಾಕಿ, ಮಗಳ ತಲೆಯನ್ನು ಕಂಕುಳಲ್ಲಿ ಅದುಮಿಕೊಂಡು ಉಜ್ಜಿದ್ದಳು. ಒಸಡಿನಿಂದ ರಕ್ತ ಬಂತೇ ಹೊರತು ಕಲೆ ಅಲ್ಲಾಡಲಿಲ್ಲ.

ಆ ಬೆಳಿಗ್ಗೆ ಡಾಕ್ಟರಮ್ಮ ಪುಟ್ಟ ಕನ್ನಡಿ ಹಿಡಿದು ನೋಡಿ ಹೇಳಿದ್ದರು: “ಇದು ಕೊಳೆ ಅಲ್ಲಮ್ಮ. ಹಲ್ಲು ಒಸಡಿನೊಳಗೆ ತಯಾರಾಗ್ತಾ ಇರುವಾಗ, ಅವಳು ಇನ್ನೂ ಅಂಬೆಗಾಲಿಡೋ ವಯಸ್ಸಿನಲ್ಲಿ, ಮೇಲಿನ ಪದರ ಗಟ್ಟಿಯಾಗದೆ ಉಳಿದುಬಿಟ್ಟಿದೆ. ಯಾಕೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಉಜ್ಜದೆ ಬಂದಿದ್ದಲ್ಲ, ಉಜ್ಜಿದ್ರೆ ಹೋಗೋದೂ ಅಲ್ಲ. ಯಾರ ತಪ್ಪೂ ಇಲ್ಲ ಇದರಲ್ಲಿ.”

ಎದೆಯ ಮೇಲಿನ ಕಲ್ಲು ಇಳಿದು ನೇರ ಕಾಲ ಮೇಲೆ ಬಿದ್ದಂತಾಯಿತು ಅಮ್ಮನಿಗೆ. ಯಾರ ತಪ್ಪೂ ಇಲ್ಲ, ಸರಿ. ಹಾಗಾದರೆ ಆ ಎರಡು ವರ್ಷದ ಉಪ್ಪು?

ಇದಕ್ಕೆ ಚಿಕಿತ್ಸೆ ಇದೆ ಎಂದೂ ಡಾಕ್ಟರಮ್ಮ ಹೇಳಿದ್ದರು. ಹಲ್ಲು ಕೊರೆಯಬೇಕಿಲ್ಲ, ಸೂಜಿ ಬೇಕಿಲ್ಲ. ಆದರೆ ಆ ದೊಡ್ಡಾಸ್ಪತ್ರೆಯಲ್ಲಿ ಮಕ್ಕಳ ಮುಂದಿನ ಹಲ್ಲಿನ ಕಲೆಗೆಂದು ಇದ್ದದ್ದು ವಾರಕ್ಕೊಂದು ದಿನ, ಒಂದೇ ಕುರ್ಚಿ. ಬಣ್ಣಗೆಟ್ಟ ಹಲ್ಲಿನಿಂದ ಯಾವ ಮಗುವಿನ ದಿನಗಳು ಹೆಚ್ಚು ಹಾಳಾಗಿವೆಯೋ ಅದಕ್ಕೆ ಮೊದಲ ಸರದಿ. ಅದನ್ನು ಅಳೆಯಲೆಂದೇ ಈ ಹತ್ತು ಪ್ರಶ್ನೆ. ಒಂದೊಂದಕ್ಕೆ ನಾಲ್ಕರವರೆಗೆ ಅಂಕ.

ವಿಭಾಗದ ದೊಡ್ಡ ಡಾಕ್ಟರು ಕನ್ನಡಕವನ್ನು ಹಣೆಗೇರಿಸಿ ಫಾರಂ ನೋಡಿದರು. “ಸೊನ್ನೆ” ಎಂದರು. “ಮಗೂಗೆ ಏನೂ ತೊಂದರೆ ಇಲ್ಲ. ತೊಂದರೆ ಇರೋದು ತಾಯಿಗೆ. ಇಂಥ ತಾಯಂದಿರು ದಿನಕ್ಕೆ ಹತ್ತು ಜನ ಬರ್ತಾರೆ. ಹದಿನೆಂಟಾದ್ಮೇಲೆ ಬೇಕಾದ್ರೆ ಬರಲಿ.”

“ಸರ್, ಅವಳು ಸೇಬು ಕಚ್ಚಿ ತಿಂದು ನಾಲ್ಕು ವರ್ಷ ಆಯ್ತು. ಸಣ್ಣಗೆ ಹೆಚ್ಚಿ ಕೊಟ್ರೆ ದವಡೆಯಲ್ಲಿ ಇಟ್ಕೊಂಡು...”

“ಫಾರಂ ತುಂಬಿದ್ದು ಅವಳೇ ತಾನೇ? ಅವಳ ಹಲ್ಲು, ಅವಳ ಮಾತು. ಮುಂದಿನವರು ಬನ್ನಿ.”

ಬಾಗಿಲವರೆಗೆ ಬಂದ ಡಾಕ್ಟರಮ್ಮ ತಗ್ಗಿದ ದನಿಯಲ್ಲಿ, “ಮುಂದಿನ ಬುಧವಾರ ನಾನಿರ್ತೀನಿ. ಅಷ್ಟರಲ್ಲಿ ಅವಳ ಜೊತೆ ಮಾತಾಡಿ ನೋಡಿ” ಎಂದರು. ಮೆಣಸು ಆಗಲೇ ಮೆಟ್ಟಿಲಿಳಿದಿದ್ದಳು.

ಬಸ್ಸಿನಲ್ಲಿ ಅಮ್ಮ ಕೇಳಿದಳು: “ಯಾಕೆ ಸುಳ್ಳು ಬರೆದೆ?”

“ಬರೆದೆ.”

“ಅದೇ ಯಾಕೆ ಅಂತ.”

ಮೆಣಸು ಕಿಟಕಿಯ ಕಡೆ ತಿರುಗಿದಳು. ಮಾತು ಮುಗಿಯಿತು ಎಂಬುದಕ್ಕೆ ಅವಳದು ಅದೊಂದೇ ಗುರುತು. ಗಾಳಿ ಬೀಸುತ್ತಿದ್ದಂತೆ ತುಟಿಗಳನ್ನು ಒಳಕ್ಕೆ ಎಳೆದುಕೊಂಡಳು. ಹಲ್ಲಿಗೆ ತಣ್ಣನೆಯ ಗಾಳಿ ಸೋಕದಂತೆ ಅವಳು ಯಾವಾಗಲೂ ಮಾಡುವುದೇ ಹಾಗೆ. ಅಮ್ಮ ಕೈಚಾಚಿ ಕಿಟಕಿಯ ಗಾಜನ್ನು ಎಳೆದು ಮುಚ್ಚಿದಳು.

ಮನೆಯಲ್ಲಿ ಅಜ್ಜಿ ಬಟಾಣಿ ಸುಲಿಯುತ್ತಿದ್ದಳು. ಅಮ್ಮನಿಗೆ ಅವಳು ಅತ್ತೆ. ಇಬ್ಬರ ನಡುವೆ ಜಗಳಕ್ಕೆ ಬರವಿರಲಿಲ್ಲ, ಆದರೆ ಮೆಣಸಿನ ವಿಷಯದಲ್ಲಿ ಇಬ್ಬರದೂ ಒಂದೇ ಪಕ್ಷ.

“ಏನಂದ್ರು?”

“ಸೊನ್ನೆ ಅಂದ್ರು.”

“ನಾಲಿಗೆ ನೋಡಿದ್ರೆ ನೂರು ಕೊಡ್ತಿದ್ರು. ಹಲ್ಲು ನೋಡಿರ್ಬೇಕು” ಎಂದಳು ಅಜ್ಜಿ.

ಬೇರೆ ದಿನವಾಗಿದ್ದರೆ ಮೆಣಸು ಬಾಯಿಗೆ ಅಂಗೈ ಅಡ್ಡ ಹಿಡಿದು ನಗುತ್ತಿದ್ದಳು. ಇವತ್ತು ನಗಲಿಲ್ಲ. ಚೀಲ ಬಿಸಾಡಿ ಒಳಗೆ ಹೋದಳು. ಅಮ್ಮ ಹಿಂದೆಯೇ ಹೋದಳು, ಬಾಗಿಲಲ್ಲಿ ನಿಂತಳು.

“ನೋಡು, ನಂಗೆ ಬೈಬೇಕು ಅಂತಿಲ್ಲ. ನೋವಾಗೋದು ನಿಂಗೆ. ‘ಎಂದೂ ಇಲ್ಲ’ ಅಂತ ಬರೆದ್ರೆ ಅವರಿಗೆ ಹೇಗೆ ಗೊತ್ತಾಗುತ್ತೆ?”

“ಅವರಿಗ್ಯಾಕೆ ಗೊತ್ತಾಗ್ಬೇಕು? ದಿನಾ ಚುಡಾಯಿಸ್ತಾರೆ ಅಂತ ನಾನು ಬರೆದು ಕೊಟ್ರೆ, ಚುಡಾಯಿಸೋರು ಗೆದ್ದ ಹಾಗೆ. ನಾನು ಬರೆಯಲ್ಲ.”

“ಏನಂತ ಚುಡಾಯಿಸ್ತಾರೆ?”

ಮೆಣಸು ಗೂಡಿನಿಂದ ಶಾಲೆಯ ಪುಸ್ತಕಗಳನ್ನು ಎಳೆದುಕೊಂಡಳು. ಆಮೇಲೆ ಭೂಗೋಳದ ನೋಟ್‌ಬುಕ್ಕನ್ನು ಕೊಡವಿದಳು. ಒಂದು ಫೋಟೋ ನೆಲಕ್ಕೆ ಬಿತ್ತು. ತರಗತಿಯ ಗುಂಪು ಫೋಟೋ. ಮೂವತ್ತನಾಲ್ಕು ಮಕ್ಕಳು, ನಡುವೆ ಟೀಚರು. ಎರಡನೆಯ ಸಾಲಿನಲ್ಲಿ ಮೆಣಸು. ಅವಳ ಮುಖಕ್ಕೆ ನೀಲಿ ಪೆನ್ನಿನಲ್ಲಿ ಯಾರೋ ಬಾಣದ ಗುರುತು ಹಾಕಿ ಪಕ್ಕದಲ್ಲಿ ಬರೆದಿದ್ದರು: ಫೋಟೋ ಹಲ್ಲು.

ಅಮ್ಮ ಅದನ್ನು ಎತ್ತಿಕೊಂಡಳು. ಬಾಣದ ತುದಿಯಲ್ಲಿ ಮಗಳ ಬಾಯಿ ಅಕಸ್ಮಾತ್ತಾಗಿ ತೆರೆದಿತ್ತು. ಹಲ್ಲುಗಳು ಹಾಲಿನಷ್ಟು ಬೆಳ್ಳಗಿದ್ದವು. ಅಮ್ಮನಿಗೆ ಆ ಬಿಳುಪಿನ ಗುರುತು ಸಿಕ್ಕಿತು. ಅದು ಅವಳದೇ ಕೈಕೆಲಸ.

ಅಮ್ಮ ಕೆಲಸ ಮಾಡುವುದು ಫೋಟೋ ಸ್ಟುಡಿಯೋದಲ್ಲಿ. ಫೋಟೋ ತೆಗೆಯುವವಳಲ್ಲ, ತಿದ್ದುವವಳು. ಹಿಂದಿನ ಕೋಣೆಯಲ್ಲಿ ಪರದೆ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕುಳಿತರೆ ಮದುಮಗಳ ಮೊಡವೆ ಹೋಗುತ್ತದೆ, ಮದುಮಗನ ಬೊಕ್ಕತಲೆಗೆ ನಾಲ್ಕು ಕೂದಲು ಬರುತ್ತದೆ, ಮ್ಯಾನೇಜರರ ಹೊಟ್ಟೆ ಒಂದು ಗುಂಡಿಯಷ್ಟು ಒಳಗೆ ಸರಿಯುತ್ತದೆ. ಆ ಭಾಗದ ಶಾಲೆಗಳ ಗುಂಪು ಫೋಟೋಗಳೆಲ್ಲ ಅವಳ ಕೈ ದಾಟಿಯೇ ಹೋಗಬೇಕು. ಮಗಳ ತರಗತಿಯದು ಬಂದ ದಿನ ಅವಳು ಎಲ್ಲ ಮುಖಗಳಿಗೂ ಒಂದೊಂದು ಕೈ ಸೋಕಿಸಿದ್ದಳು. ಎರಡನೆಯ ಸಾಲಿಗೆ ಬಂದಾಗ ಯೋಚನೆಯನ್ನೇ ಮಾಡಿರಲಿಲ್ಲ. ಎಷ್ಟೋ ವರ್ಷದಿಂದ ಮನೆಯ ಫೋಟೋಗಳಲ್ಲಿ ಮಾಡುತ್ತ ಬಂದದ್ದನ್ನೇ ಇಲ್ಲೂ ಮಾಡಿದಳು. ಎರಡು ನಿಮಿಷದ ಕೆಲಸ. ಮಾಡಿ ಮುಗಿಸಿ ಸಮಾಧಾನದಿಂದ ಚಹಾ ಕುಡಿದಿದ್ದಳು. ಪಾಪ, ಎಲ್ಲರ ಮನೆಯಲ್ಲೂ ಇರೋ ಫೋಟೋ, ಮಗು ಚೆನ್ನಾಗಿ ಕಾಣಲಿ.

ಮೂವತ್ತನಾಲ್ಕು ಮನೆಗೆ ಹೋಗಿತ್ತು ಆ ಫೋಟೋ. ಮೂವತ್ತಮೂರು ಮಕ್ಕಳು ಫೋಟೋದಲ್ಲಿದ್ದ ಹಲ್ಲನ್ನೂ ಬೆಂಚಿನಲ್ಲಿದ್ದ ಹಲ್ಲನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದರು.

“ಮೊದಲು ಏನೂ ಅಂತಿರಲಿಲ್ಲ” ಎಂದಳು ಮೆಣಸು. “ಯಾರೋ ಒಬ್ಬಿಬ್ಬರು ನೋಡೋರು, ಅಷ್ಟೇ. ಇದು ಬಂದ ಮೇಲೆ ಶುರುವಾಯ್ತು. ‘ಏ ಫೋಟೋ ಹಲ್ಲು, ಆ ಹಲ್ಲು ಮನೇಲಿ ಬಿಟ್ಟು ಬಂದ್ಯಾ? ಭಾನುವಾರ ಹಾಕ್ಕೊಳ್ತೀಯಾ?’”

“ನಂಗೆ ಹೇಳ್ಬಾರದಿತ್ತಾ?”

“ನಿಂಗೆ ಏನಂತ ಹೇಳೋದು? ಅಳಿಸಿದ್ದು ನೀನು. ಗೋಡೆ ಮೇಲಿನ ನನ್ನ ಫೋಟೋನೂ ನೋಡು, ಐದಕ್ಕೆ ಐದೂ ಅಳಿಸಿದ್ದೀಯ. ನನ್ನ ಹಲ್ಲು ನಿಂಗೇ ಬೇಡ. ಅವರಿಗೆ ಹೇಗೆ ಬೇಕಾಗುತ್ತೆ?”

ಅಮ್ಮನಿಗೆ ತಲೆಗೆ ಬಡಿದಂತಾಯಿತು. ಏನೋ ಹೇಳಲು ಹೊರಟಳು. ನಿನಗೋಸ್ಕರ, ಪ್ರೀತಿಯಿಂದ, ಬೇಜಾರಾಗಬಾರದೂಂತ. ಎಲ್ಲವೂ ನಿಜವೇ. ಆದರೆ ಅದರಲ್ಲಿ ಒಂದನ್ನು ಆಡಿದರೂ ಮಗಳು ಕಿಟಕಿಯ ಕಡೆ ತಿರುಗುತ್ತಾಳೆ ಎಂದು ಗೊತ್ತಿತ್ತು. ಅದಕ್ಕೆ ನೆಲದ ಮೇಲೆ ಕುಳಿತು, “ತಪ್ಪು ಮಾಡ್ದೆ” ಎಂದಳು.

ಬಟಾಣಿಯ ಬುಟ್ಟಿ ಹಿಡಿದುಕೊಂಡೇ ಬಂದ ಅಜ್ಜಿ ಫೋಟೋವನ್ನು ಇಣುಕಿ ನೋಡಿದಳು. “ಹೆತ್ತೋರಿಗೆ ಹೆಗ್ಗಣಾನೂ ಮುದ್ದು ಅಂತಾರೆ. ನೀನು ಹೆಗ್ಗಣಕ್ಕೆ ಸುಣ್ಣ ಹೊಡೆದಿದ್ದೀಯಲ್ಲೇ!”

“ಅಜ್ಜಿ, ನಾನು ಹೆಗ್ಗಣಾನಾ?”

“ನೀನು ಹೆಗ್ಗಣ ಆಗಿದ್ರೆ ಮನೇಲಿ ಒಂದು ಕಾಳು ಉಳೀತಿರಲಿಲ್ಲ. ನಿಂಗೆ ಕಚ್ಚೋಕೇ ಬರಲ್ವಲ್ಲ” ಎಂದು ಅಜ್ಜಿ ಅವಳ ಮಡಿಲಿಗೆ ನಾಲ್ಕು ಕಾಯಿ ಹಾಕಿ, “ಸುಲಿ” ಎಂದಳು.

ಮರುದಿನ ಅಮ್ಮ ಸ್ಟುಡಿಯೋಗೆ ಅರ್ಧ ಗಂಟೆ ಮುಂಚೆ ಹೋದಳು. ತಿದ್ದುವ ಮೊದಲಿನ ಮೂಲ ಚಿತ್ರಗಳನ್ನು ಅವಳು ಎಂದೂ ಅಳಿಸುತ್ತಿರಲಿಲ್ಲ. ಅದು ಕೆಲಸ ಕಲಿಸಿದವರು ಹಾಕಿಕೊಟ್ಟ ಅಭ್ಯಾಸ. ಮನೆಯ ಗೋಡೆಯ ಐದು ಫೋಟೋಗಳ ಮೂಲಗಳನ್ನು ಹುಡುಕಿ ತೆಗೆದು, ಒಂದೊಂದನ್ನೇ ತೆರೆಯ ತುಂಬ ದೊಡ್ಡದು ಮಾಡಿದಳು. ಏಳು ವರ್ಷದ ಮೆಣಸು ಹುಲ್ಲಿನ ಮೇಲೆ ಮಲಗಿ ನಗುತ್ತಿದ್ದಾಳೆ, ಹೊಸದಾಗಿ ಹುಟ್ಟಿದ ಎರಡು ಹಲ್ಲು, ಎರಡಕ್ಕೂ ಎರಡು ಬಣ್ಣ. ಆ ನಗುವನ್ನು ಅಮ್ಮ ಮರೆತೇಬಿಟ್ಟಿದ್ದಳು. ತಾನು ತಿದ್ದಿದ್ದನ್ನು ನೋಡಿ ನೋಡಿ ಅದೇ ನೆನಪಾಗಿ ನಿಂತಿತ್ತು. ಆಗ ಮಗಳು ಬಾಯಿಗೆ ಕೈ ಅಡ್ಡ ಹಿಡಿಯುತ್ತಿರಲಿಲ್ಲ.

ಪ್ರಿಂಟರ್ ಸದ್ದಿಗೆ ಸ್ಟುಡಿಯೋ ಯಜಮಾನರು ಒಳಗೆ ಬಂದರು. “ಏನಮ್ಮ ಇದು, ಹಸಿ ಹಸಿಯಾಗಿ ಪ್ರಿಂಟ್ ಹಾಕ್ತಿದ್ದೀಯ? ಹಲ್ಲು ನೋಡು!”

“ನೋಡ್ತಾ ಇದೀನಿ ಸರ್. ನನ್ನ ಮಗಳದು.”

“ಅದಕ್ಕೇ ಹೇಳಿದ್ದು. ನಿನ್ನ ಮಗಳದ್ದನ್ನೇ ಹೀಗೆ ಕೊಟ್ರೆ ಗಿರಾಕಿಗಳು ಏನಂತಾರೆ? ನಮ್ಮ ಸ್ಟುಡಿಯೋದಲ್ಲಿ ಇವತ್ತಿನವರೆಗೆ ಯಾರಿಗೂ ಮೊಡವೆ ಇಲ್ಲ, ಯಾರಿಗೂ ವಯಸ್ಸಾಗಿಲ್ಲ.”

“ಇದು ಗಿರಾಕಿಗಲ್ಲ ಸರ್, ನಮ್ಮನೆ ಗೋಡೆಗೆ. ಇನ್ನೊಂದು ಮಾತು. ಇನ್ಮೇಲೆ ಮಕ್ಕಳ ಹಲ್ಲು ನಾನು ಮುಟ್ಟಲ್ಲ. ಶಾಲೆ ಫೋಟೋ ಯಾವುದಿದ್ರೂ ಸರಿ. ಬೆಳಕು ಸರಿ ಮಾಡ್ತೀನಿ, ಕಣ್ಣು ಮುಚ್ಚಿದ್ರೆ ಬೇರೆ ಫೋಟೋದಿಂದ ತಂದು ಕೂರಿಸ್ತೀನಿ. ಹಲ್ಲು, ಕಿವಿ, ಮೂಗು ಇದ್ದ ಹಾಗೆ ಇರುತ್ತೆ.”

“ಯಾರಾದ್ರೂ ತಾಯಿ ಬಂದು ‘ಬೆಳ್ಳಗೆ ಮಾಡ್ಕೊಡಿ’ ಅಂತ ಕೇಳಿದ್ರೆ?”

“ನನ್ನ ಹತ್ರ ಕಳಿಸಿ. ನಾನು ಮಾತಾಡ್ತೀನಿ.”

ಯಜಮಾನರು ಅವಳನ್ನು ಹದಿಮೂರು ವರ್ಷದಿಂದ ನೋಡಿದವರು. ಈ ದನಿಯನ್ನು ಇದೇ ಮೊದಲು ಕೇಳುತ್ತಿದ್ದರು. ‘ಹೆಣ್ಣುಮಕ್ಕಳ ಜೊತೆ ಬೆಳಿಗ್ಗೆ ಬೆಳಿಗ್ಗೆ ವಾದ ಯಾಕೆ’ ಎಂದು ಗೊಣಗುತ್ತ, ಆದರೆ ಹೊಸ ಕಾಗದದ ಕಟ್ಟನ್ನು ತಾವೇ ಒಡೆದು ಕೊಟ್ಟು ಹೊರಗೆ ಹೋದರು.

ಸಂಜೆ ಐದು ಚೌಕಟ್ಟುಗಳನ್ನೂ ಬಿಚ್ಚಿ ಹಳೆಯದನ್ನು ತೆಗೆದು ಹೊಸದನ್ನು ಹಾಕುವಾಗ ಮೆಣಸು ಶಾಲೆಯಿಂದ ಬಂದಳು. ನಿಂತು ನೋಡಿದಳು.

“ಏನಿದು, ನಾಟಕಾನಾ?”

“ಅಲ್ಲ.”

“ನಾನು ಬೈದೆ ಅಂತ ಮಾಡ್ತಿದ್ದೀಯ.”

“ಹೌದು. ನೀನು ಬೈಯೋವರೆಗೂ ನಂಗೆ ಗೊತ್ತಾಗಲಿಲ್ಲ.”

ಮೆಣಸು ಹತ್ತಿರ ಬಂದು ಹುಲ್ಲಿನ ಮೇಲಿನ ಫೋಟೋವನ್ನು ಕೈಗೆತ್ತಿಕೊಂಡಳು. ಕಿಟಕಿಯ ಬೆಳಕಿಗೆ ಹಿಡಿದು, ತನ್ನದಲ್ಲದ ವಸ್ತುವಿನಂತೆ ಪರೀಕ್ಷಿಸಿದಳು. “ಆಗ ಇಷ್ಟು ಕಂದು ಇರಲಿಲ್ಲ” ಎಂದಳು. ಆಮೇಲೆ, “ಹಲ್ಲು ಸರಿ ಮಾಡಿಸಿದ ಮೇಲೆ ಇದನ್ನ ತೆಗೆದುಬಿಡ್ತೀಯಾ?”

“ಇಲ್ಲ.”

“ಯಾರಾದ್ರೂ ಮನೆಗೆ ಬಂದು ‘ಅಯ್ಯೋ’ ಅಂದ್ರೆ?”

“ಬಾಗಿಲು ಎಲ್ಲಿದೆ ಅಂತ ತೋರಿಸ್ತೀನಿ.”

“ನೀನಾ?” ಮೆಣಸಿಗೆ ನಂಬಿಕೆ ಬರಲಿಲ್ಲ. “ನೀನು ಹಾಲಿನವರಿಗೆ ‘ಇವತ್ತು ಬೇಡ’ ಅನ್ನೋಕೂ ನಾಚ್ಕೊಳ್ತೀಯ.”

“ಇವಳಿಗೆ ಆಗದಿದ್ರೆ ನಾನು ತೋರಿಸ್ತೀನಿ ಬಿಡು” ಎಂದು ಅಡಿಗೆಮನೆಯಿಂದ ಅಜ್ಜಿಯ ದನಿ ಬಂತು.

ರಾತ್ರಿಯ ಊಟಕ್ಕೆ ಕೂರುವ ಮೊದಲು ಮೆಣಸು ತಾನಾಗಿಯೇ ಬಾಯಿಬಿಟ್ಟಳು. ನೋಯುತ್ತದೆ. ಕಂದು ಹಲ್ಲಿನದು ಹೆಚ್ಚು. ಚಳಿಯಲ್ಲಿ ಶಾಲೆಗೆ ನಡೆಯುವಾಗ ಬಾಯಲ್ಲಿ ಉಸಿರು ತೆಗೆದರೂ ಜುಮ್ಮೆನ್ನುತ್ತದೆ. ಆಟದ ಟೀಚರು ‘ಬಾಯಿ ತೆರೆದು ಉಸಿರು ತಗೊಳ್ಳಿ’ ಎಂದಾಗ ಅವಳು ತೆಗೆದುಕೊಳ್ಳುವುದಿಲ್ಲ, ಅದಕ್ಕೇ ಓಟದಲ್ಲಿ ಹಿಂದೆ ಬೀಳುತ್ತಾಳೆ. ಸೋಮಾರಿ ಎನ್ನುತ್ತಾರೆ.

“ಬುಧವಾರ ಬರ್ತೀನಿ” ಎಂದಳು ಮೆಣಸು ಕೊನೆಗೆ. “ಆದ್ರೆ ಒಂದು ಷರತ್ತು. ಅಲ್ಲಿ ನೀನು ಮಾತಾಡಬಾರದು. ಒಂದಕ್ಷರಾನೂ.”

“ಆಯ್ತು.”

“ಆಣೆ?”

“ಆಣೆ.”

ಬುಧವಾರ ಅದೇ ಕೋಣೆ, ಅದೇ ಹತ್ತು ಪ್ರಶ್ನೆ. ಈ ಸಲ ಮೆಣಸು ಬಹಳ ಹೊತ್ತು ತೆಗೆದುಕೊಂಡಳು. ಗುರುತು ಹಾಕಿ ಮುಗಿಸಿ, ಕಾಗದ ತಿರುಗಿಸಿ, ಹಿಂಬದಿಯ ಖಾಲಿ ಜಾಗದಲ್ಲಿ ಏನೋ ಬರೆಯತೊಡಗಿದಳು. ನರ್ಸಮ್ಮ “ಪರೀಕ್ಷೆ ಅಲ್ಲಮ್ಮ, ಸಾಕು” ಎಂದರೂ ಬಿಡಲಿಲ್ಲ.

ದೊಡ್ಡ ಡಾಕ್ಟರು ಎರಡೂ ಫಾರಂಗಳನ್ನು ಪಕ್ಕಪಕ್ಕದಲ್ಲಿ ಇಟ್ಟರು. ಕನ್ನಡಕ ಹಣೆಯಿಂದ ಮೂಗಿಗಿಳಿಯಿತು. “ಹೋದ ವಾರ ಸೊನ್ನೆ. ಈ ವಾರ ಮೂವತ್ತೊಂದು. ಒಂದು ವಾರದಲ್ಲಿ ಮಗುವಿನ ಹಲ್ಲು ಹಾಳಾಯ್ತೋ, ತಾಯಿ ಪಾಠ ಹೇಳಿಕೊಟ್ರೋ?” ಎಂದು ಅಮ್ಮನ ಕಡೆ ನೋಡಿದರು.

ಅಮ್ಮನ ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಆಣೆ ಆಣೆಯೇ. ಕೈಚೀಲದ ಪಟ್ಟಿಯನ್ನು ಹಗ್ಗ ಹೊಸೆದಂತೆ ಹೊಸೆದಳು.

“ಅಮ್ಮನ್ನ ಕೇಳ್ಬೇಡಿ, ಅವಳು ಮಾತಾಡಲ್ಲ” ಎಂದಳು ಮೆಣಸು. “ಹೋದ ವಾರ ನಾನು ಸುಳ್ಳು ಬರೆದೆ.”

“ಈ ವಾರ ನಿಜ ಅಂತ ನಾನು ಹೇಗೆ ನಂಬ್ಲಿ?”

“ಹೋದ ವಾರ ಹೇಗೆ ನಂಬಿದ್ರಿ? ಒಂದೂ ಮಾತು ಕೇಳದೆ ನಂಬಿದ್ರಲ್ಲ. ‘ಏನೂ ಇಲ್ಲ’ ಅಂದ್ರೆ ತಕ್ಷಣ ನಂಬ್ತೀರಿ, ‘ಇದೆ’ ಅಂದ್ರೆ ಸಾಕ್ಷಿ ಕೇಳ್ತೀರಿ. ಅದ್ಯಾವ ನ್ಯಾಯ?”

ಡಾಕ್ಟರಮ್ಮ ಕೆಮ್ಮಿದಂತೆ ಮಾಡಿ ಮುಖ ಆಚೆ ತಿರುಗಿಸಿಕೊಂಡರು.

“ಹಿಂದುಗಡೆ ಓದಿ” ಎಂದಳು ಮೆಣಸು.

ಅವರು ಕಾಗದ ತಿರುಗಿಸಿ ಗಟ್ಟಿಯಾಗಿಯೇ ಓದಿದರು: “‘ತರಗತಿಯಲ್ಲಿ ಓದಲು ಹಿಂಜರಿಕೆ ಆಗುತ್ತದೆಯೇ ಎಂದು ಕೇಳಿದ್ದೀರಿ. ಓದುವ ಸರದಿ ಬಂದರೆ ಗಂಟಲು ನೋವು ಎಂದು ಹೇಳುತ್ತೇನೆ. ಈ ವರ್ಷ ಹನ್ನೊಂದು ಸಲ ಹೇಳಿದೆ. ಆದರೆ ನನಗೆ ಓದುವುದು ಬಹಳ ಇಷ್ಟ. ಮನೆಯಲ್ಲಿ ಅಜ್ಜಿಗೆ ಓದಿ ಹೇಳುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಹಿಂಜರಿಕೆ ಎಂದಿದೆ. ಅದು ಹಿಂಜರಿಕೆ ಅಲ್ಲ, ಸಿಟ್ಟು. ಸಿಟ್ಟಿಗೆ ಚೌಕ ಕೊಟ್ಟಿಲ್ಲ.’”

ಅವರ ದನಿ ಕೊನೆಯ ಸಾಲಿನಲ್ಲಿ ಸ್ವಲ್ಪ ಇಳಿಯಿತು.

“ಹನ್ನೊಂದು ಸಲ ಗಂಟಲು ನೋವಾ? ಟೀಚರು ನಂಬಿದ್ರಾ?”

“ನಂಬಿದ್ರು. ಶುಂಠಿ ನೀರು ಕುಡಿ ಅಂದ್ರು.”

“ಕುಡಿದ್ಯಾ?”

“ಗಂಟಲೇ ನೋಯ್ತಿರಲಿಲ್ಲ, ಯಾಕೆ ಕುಡೀಲಿ?”

ದೊಡ್ಡ ಡಾಕ್ಟರು ನಗಲಿಲ್ಲ. ಆದರೆ ಹಳೆಯ ಫಾರಂನ ಮೇಲೆ ಅಡ್ಡಗೆರೆ ಎಳೆದು, ಹೊಸದರ ಮೇಲೆ ಸಹಿ ಹಾಕಿ, ಡಾಕ್ಟರಮ್ಮನ ಕಡೆ ಸರಿಸಿದರು. “ಪಟ್ಟಿಯಲ್ಲಿ ಮೇಲೆ ಹಾಕಿ. ಆ ಚೌಕದ ವಿಷಯಾನೂ ಬರೆದಿಟ್ಕೊಳ್ಳಿ” ಎಂದರು. ಮತ್ತೆ ಅಮ್ಮನ ಕಡೆ ತಿರುಗಿ, “ನೀವು ಪಾಠ ಹೇಳಿಕೊಟ್ಟಿಲ್ಲ, ಒಪ್ಕೊಂಡೆ. ಇವಳಿಗೆ ಯಾರೂ ಹೇಳಿಕೊಡೋಕಾಗಲ್ಲ.”

ಅಮ್ಮ ತಲೆಯಾಡಿಸಿದಳು. ಆಗಲೂ ಮಾತಾಡಲಿಲ್ಲ.

ಮೂರು ವಾರ ಕಳೆದು ಸರದಿ ಬಂತು. ಮೆಣಸು ಕುರ್ಚಿಯ ಮೇಲೆ ಮಲಗಿದಳು, ಅಮ್ಮ ಕಾಲ ಬಳಿಯ ಸ್ಟೂಲಿನಲ್ಲಿ ಕುಳಿತಳು. ಡಾಕ್ಟರಮ್ಮ ಮೊದಲು ಎಲ್ಲವನ್ನೂ ಕೈಯಲ್ಲಿ ಹಿಡಿದು ತೋರಿಸಿದರು. ಒಸಡಿಗೆ ಔಷಧಿ ತಾಗದಂತೆ ಹಲ್ಲುಗಳ ಸುತ್ತ ಹಾಕುವ ರಬ್ಬರಿನ ಹಾಳೆ. ಸಣ್ಣ ಮರಳಿನಂಥ ಪುಡಿಯನ್ನೂ ಆಮ್ಲವನ್ನೂ ಕಲಸಿದ ಲೇಪ. ಅದನ್ನು ಹಲ್ಲಿನ ಮೇಲೆ ಮೆಲ್ಲಗೆ ತಿರುಗಿಸುವ ಕಡಲೆ ಗಾತ್ರದ ರಬ್ಬರ್ ಬಟ್ಟಲು.

“ಒಂದೊಂದು ಸುತ್ತಿಗೂ ಕಲೆ ಸ್ವಲ್ಪ ಸ್ವಲ್ಪ ಕಮ್ಮಿ ಆಗುತ್ತೆ. ಜೊತೆಗೆ ಹಲ್ಲಿನ ಮೇಲಿನ ಪದರಾನೂ ಕೂದಲೆಳೆಗಿಂತ ತೆಳ್ಳಗೆ ಸವೆಯುತ್ತೆ. ಅದಕ್ಕೆ ಪ್ರತಿ ಸುತ್ತಾದ ಮೇಲೂ ನಿಲ್ಲಿಸಿ ಕನ್ನಡಿ ಕೊಡ್ತೀನಿ. ಆಮೇಲೆ ಒಂದು ದ್ರವ ಹಾಕಿ ನೀಲಿ ಬೆಳಕಲ್ಲಿ ಗಟ್ಟಿ ಮಾಡ್ತೀನಿ. ಅದು ಹಲ್ಲಿನ ಸಣ್ಣ ಸಣ್ಣ ತೂತುಗಳನ್ನ ಮುಚ್ಚುತ್ತೆ, ಜುಮ್ ಅನ್ನೋದು ಕಮ್ಮಿ ಆಗುತ್ತೆ. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ.”

“ಪೂರ್ತಿ ಬಿಳಿ ಬೇಡ” ಎಂದಳು ಮೆಣಸು. “ನೋವು ಕಮ್ಮಿ ಆಗ್ಬೇಕು. ಕಂದು ಸ್ವಲ್ಪ ಹೋಗ್ಬೇಕು. ಆದ್ರೆ ನನ್ನ ಹಲ್ಲು ಅಂತ ನಂಗೆ ಗುರುತು ಸಿಗಬೇಕು.”

“ಎಷ್ಟು ಅಂತ ನಂಗೆ ಹೇಗೆ ಗೊತ್ತಾಗುತ್ತೆ?”

“ನಾನು ಹೇಳ್ತೀನಿ.”

“ಬಾಯಲ್ಲಿ ರಬ್ಬರ್ ಹಾಳೆ ಇರುತ್ತಲ್ಲಮ್ಮ, ಹೇಗೆ ಹೇಳ್ತೀಯ?” ಡಾಕ್ಟರಮ್ಮ ನಕ್ಕರು. “ಎಡಗೈ ಎತ್ತು. ಎತ್ತಿದ ಕೂಡಲೇ ನಿಲ್ಲಿಸ್ತೀನಿ.”

ಬಟ್ಟಲು ಗುಂಯ್ ಎಂದು ತಿರುಗಿತು. ಒಂದು ಸುತ್ತು, ನೀರು, ಕನ್ನಡಿ. ಎರಡು ಸುತ್ತು, ನೀರು, ಕನ್ನಡಿ. ಮೆಣಸಿನ ಎರಡೂ ಮುಷ್ಟಿ ಬಿಗಿಯಾಗಿದ್ದವು, ಕಣ್ಣು ಮಾತ್ರ ದೀಪದ ಕಡೆ ನೆಟ್ಟಿತ್ತು. ಮೂರನೆಯ ಸುತ್ತಿಗೆ ಕಂದು ಕಲೆಯ ಅಂಚು ಒಡೆಯಿತು. ನಾಲ್ಕನೆಯದಕ್ಕೆ ಅದು ಜೇನಿನ ಬಣ್ಣಕ್ಕೆ ತಿರುಗಿ, ನಡುವಿನಲ್ಲಿ ಒಂದು ಅಕ್ಕಿಕಾಳಿನಷ್ಟು ಉಳಿಯಿತು. ಪಕ್ಕದ ಹಲ್ಲಿನ ಬಿಳಿ ಮಚ್ಚೆ, ಬಾಯಿ ಒಣಗಿದ್ದರಿಂದಲೋ ಏನೋ, ಮೊದಲಿಗಿಂತ ಎದ್ದು ಕಾಣುತ್ತಿತ್ತು.

“ಒಣಗಿದಾಗ ಹಾಗೆ ಕಾಣುತ್ತೆ, ಗಾಬರಿ ಬೇಡ. ದ್ರವ ಹಾಕಿದ ಮೇಲೆ ಬೆರೆತುಹೋಗುತ್ತೆ” ಎಂದರು ಡಾಕ್ಟರಮ್ಮ. “ಕಂದಿಗೆ ಇನ್ನೂ ಎರಡು ಸುತ್ತು ಮಾಡೋಕೆ ಜಾಗ ಇದೆ. ಮಾಡಿದ್ರೆ ಅದೂ ಬಹುಪಾಲು ಹೋಗುತ್ತೆ. ಏನ್ಮಾಡೋಣ?”

ಅಮ್ಮನ ಕಣ್ಣು ಆ ಅಕ್ಕಿಕಾಳಿನ ಮೇಲೆ ನೆಟ್ಟಿತು. ಹದಿಮೂರು ವರ್ಷ ಇಂಥವನ್ನೇ ಹುಡುಕಿ ಹುಡುಕಿ ಪಳಗಿದ ಕಣ್ಣು ಅದು. ಕಂಪ್ಯೂಟರಿನಲ್ಲಾದರೆ ಎಡಗಡೆಯಿಂದ ಒಂದು ಗೀಟು, ಮೇಲಿನಿಂದ ಒಂದು ಗೀಟು, ಮುಗಿಯಿತು. ಬಲಗೈಯ ತೋರುಬೆರಳು ಮೊಣಕಾಲ ಮೇಲೆ ತಾನಾಗಿಯೇ ಆಡತೊಡಗಿತು. ಇಷ್ಟು ದೂರ ಬಂದದ್ದಾಯಿತು, ಇನ್ನು ಎರಡೇ ಸುತ್ತು. ನಾಳೆ ತರಗತಿಯಲ್ಲಿ ಯಾರಾದರೂ ಆ ಅಕ್ಕಿಕಾಳನ್ನೇ ಹಿಡಿದುಕೊಂಡರೆ? ತುಟಿ ತೆರೆದಳು.

ಮೆಣಸು ಕನ್ನಡಿಯನ್ನು ಬಹಳ ಹತ್ತಿರ ಹಿಡಿದುಕೊಂಡಳು. ಆಮೇಲೆ ದೂರ ಹಿಡಿದಳು. ತಲೆಯನ್ನು ಈ ಕಡೆ ಓರೆ ಮಾಡಿದಳು, ಆ ಕಡೆ ಓರೆ ಮಾಡಿದಳು. ಕನ್ನಡಿಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಎಡಗೈ ಎತ್ತಿದಳು.

“ಸಾಕಾ?” ಡಾಕ್ಟರಮ್ಮನ ದನಿಯಲ್ಲಿ ಆಶ್ಚರ್ಯವಿತ್ತು. “ಪಕ್ಕಾನಾ? ಆಮೇಲೆ ಬೇಜಾರಾಗಬಾರದು.” ಕೈ ಅಲ್ಲಾಡಲಿಲ್ಲ. ಅವರು ಅಮ್ಮನ ಕಡೆ ತಿರುಗಿದರು. “ನೀವೇನಂತೀರಿ? ನಿಮ್ಮ ಕಣ್ಣಿಗೆ ಇನ್ನೂ ಕಾಣ್ತಿರಬಹುದು.”

“ಕಾಣ್ತಿದೆ” ಎಂದಳು ಅಮ್ಮ. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದಳು. “ನನ್ನ ಕಣ್ಣಿಗೆ ಯಾವಾಗ್ಲೂ ಇನ್ನೊಂದು ಕಾಣ್ತಾನೇ ಇರುತ್ತೆ. ನನ್ನ ಕೇಳ್ಬೇಡಿ ಡಾಕ್ಟ್ರೇ. ಅವಳು ಕೈ ಎತ್ತಿದ್ದಾಳೆ ನೋಡಿ.”

ಡಾಕ್ಟರಮ್ಮ ಯಂತ್ರದ ತುದಿಯಿಂದ ರಬ್ಬರ್ ಬಟ್ಟಲನ್ನು ಕಳಚಿ ತಟ್ಟೆಗೆ ಹಾಕಿದರು. ಅದು ಟಪ್ ಎಂದು ಬಿದ್ದ ಸದ್ದು ಕೇಳಿದ ಮೇಲೆಯೇ ಮೆಣಸು ಕೈ ಇಳಿಸಿದ್ದು.